ದಿನಕ್ಕೆ ಮೂರು ಎಂದರೆ ಎಂಟು ಗಂಟೆಗೊಂದು: ಆ್ಯಂಟಿಬಯಾಟಿಕ್ ಮಾತ್ರೆಯ ಒಳಲೆಕ್ಕ

ಬೆಳಿಗ್ಗೆ ಆರಕ್ಕೆ ಒಂದು ಅಮಾಕ್ಸಿಸಿಲಿನ್ ಗುಳಿಗೆ ನುಂಗಿದಿರಿ ಎಂದುಕೊಳ್ಳಿ. ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಏರಬೇಕಾದಷ್ಟು ಏರಿರುತ್ತದೆ. ಅಲ್ಲಿಂದ ಮುಂದೆ ಇಳಿತ. ಮೂತ್ರಪಿಂಡಗಳು ಚೆನ್ನಾಗಿರುವ ವಯಸ್ಕರಲ್ಲಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಆ ಮಟ್ಟ ಅರ್ಧಕ್ಕಿಳಿಯುತ್ತದೆ. ಅರ್ಧ, ಕಾಲು, ಅರೆಕಾಲು, ವೀಸ. ಮಧ್ಯಾಹ್ನ ಎರಡು ಹೊಡೆಯುವ ಹೊತ್ತಿಗೆ ಉಳಿದಿರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಸರಿಯಾಗಿ ಆ ಹೊತ್ತಿಗೇ ಎರಡನೆಯ ಗುಳಿಗೆ ಹೊಟ್ಟೆಗಿಳಿಯಬೇಕು.

ಚೀಟಿಯಲ್ಲಿ ಬರೆದ ‘ದಿನಕ್ಕೆ ಮೂರು’ ಎಂಬುದರ ಹಿಂದಿರುವುದು ಈ ಲೆಕ್ಕ. ಬೆಳಿಗ್ಗೆ ಮರೆತು, ಮಧ್ಯಾಹ್ನ ಒಂದು, ಸಂಜೆ ಒಂದು, ಮಲಗುವಾಗ ಇನ್ನೊಂದು ನುಂಗಿದರೂ ಎಣಿಕೆಗೆ ಮೂರಾಗುತ್ತದೆ. ಆದರೆ ರಾತ್ರಿಯ ಗುಳಿಗೆ ಇಳಿದುಹೋದ ಮೇಲೆ ಮರುದಿನ ಮಧ್ಯಾಹ್ನದವರೆಗೆ ಬ್ಯಾಕ್ಟೀರಿಯಾಗಳಿಗೆ ತಡೆಯೇ ಇರುವುದಿಲ್ಲ. ಯಾವ ಮಾತ್ರೆ ಎಂದು ವೈದ್ಯರು ತೀರ್ಮಾನಿಸಿದಾಗ ಅರ್ಧ ಕೆಲಸ ಮುಗಿದಂತೆ. ಗಂಟೆ, ಹೊಟ್ಟೆ, ಜೊತೆಗೆ ನುಂಗುವ ಬೇರೆ ಔಷಧ, ದಿನಗಳು ಇವೆಲ್ಲ ಸೇರಿದ ಉಳಿದರ್ಧ ರೋಗಿಯ ಕೈಯಲ್ಲಿದೆ. ಆ ಅರ್ಧವನ್ನು ಬಿಡಿಸಿ ಹೇಳುವವರು ಕಡಿಮೆ ಎಂಬ ಕಾರಣಕ್ಕೇ ಈ ಬರಹ.

ಅಮಾಕ್ಸಿಸಿಲಿನ್ ಸೇರಿರುವ ಬಳಗದ ಹಿರಿಯ ಪೆನ್ಸಿಲಿನ್ ದೇಹದಿಂದ ಎಷ್ಟು ಬೇಗ ಹೊರಟುಹೋಗುತ್ತದೆ ಎಂಬುದು ಅದನ್ನು ಮೊದಲು ಬಳಸಿದವರಿಗೇ ಕಹಿಯಾಗಿ ತಿಳಿಯಿತು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹೊವರ್ಡ್ ಫ್ಲೋರಿಯವರ ತಂಡ, ಮುಖವೆಲ್ಲ ಕೀವುಗಟ್ಟಿ ಸಾವಿನಂಚಿನಲ್ಲಿದ್ದ ಒಬ್ಬ ಪೊಲೀಸ್ ಪೇದೆಗೆ ಪೆನ್ಸಿಲಿನ್ ಚುಚ್ಚಿತು. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಊಟ ಸೇರತೊಡಗಿತು. ಆಗಿನ್ನೂ ಔಷಧ ತಯಾರಾಗುತ್ತಿದ್ದುದೇ ಚಿಟಿಕೆಯಷ್ಟು. ಆತನ ಮೂತ್ರವನ್ನು ಸಂಗ್ರಹಿಸಿ, ಅದರಲ್ಲಿ ಹೊರಬಂದ ಪೆನ್ಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಅವನಿಗೇ ಕೊಟ್ಟರು. ಅಷ್ಟಾದರೂ ಸಾಲದೆ ಔಷಧ ಮುಗಿಯಿತು. ಸೋಂಕು ಮರುಕಳಿಸಿತು, ಮಾರ್ಚ್‌ನಲ್ಲಿ ಆತ ತೀರಿಕೊಂಡ. ಔಷಧ ಸರಿಯಿತ್ತು, ಬೇಕಾದಷ್ಟು ಹೊತ್ತು, ಬೇಕಾದ ಮಟ್ಟದಲ್ಲಿ ಉಳಿಯಲಿಲ್ಲ.

ಎಲ್ಲ ಆ್ಯಂಟಿಬಯಾಟಿಕ್‌ಗಳೂ ಹೀಗೆ ಅವಸರದವಲ್ಲ. ಅಜಿತ್ರೊಮೈಸಿನ್‌ನ ಅರ್ಧಾಯುಷ್ಯ, ಅಂದರೆ ಅದರ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಹೊತ್ತು, ಸುಮಾರು 68 ಗಂಟೆ. ಅದು ಜೀವಕೋಶಗಳೊಳಗೆ ಹೊಕ್ಕು ಅಲ್ಲೇ ತಂಗಿ ನಿಧಾನವಾಗಿ ಹೊರಬೀಳುತ್ತದೆ. ‘ಮೂರೇ ಮಾತ್ರೆ ಕೊಟ್ಟಿದ್ದಾರಲ್ಲ, ಸಾಕಾಗುತ್ತದೆಯೇ’ ಎಂದು ಅನುಮಾನಪಡುವವರು ಇದನ್ನು ತಿಳಿದಿರಬೇಕು: ಕೊನೆಯ ಮಾತ್ರೆ ನುಂಗಿದ ಮೇಲೂ ಅದು ದಿನಗಟ್ಟಲೆ ಮೈಯಲ್ಲಿರುತ್ತದೆ. ಡಾಕ್ಸಿಸೈಕ್ಲಿನ್ ಈ ಎರಡರ ನಡುವಿನದು, ಹಾಗಾಗಿ ದಿನಕ್ಕೆ ಒಂದೋ ಎರಡೋ. ಪೆನ್ಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಔಷಧಗಳಿಗೆ ಮಾತ್ರ ಗಡಿಯಾರದ ನಂಟು ಬಲು ಬಿಗಿ. ಅವು ಒಮ್ಮೆಲೇ ಎಷ್ಟು ಎತ್ತರಕ್ಕೇರಿದವು ಎನ್ನುವುದಕ್ಕಿಂತ, ಕೊಲ್ಲುವ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ನಿಂತವು ಎನ್ನುವುದೇ ಮುಖ್ಯ.

ಹಾಗೆಂದು ನಡುರಾತ್ರಿ ಅಲಾರಾಂ ಇಟ್ಟು ಏಳಬೇಕಿಲ್ಲ, ವೈದ್ಯರು ಹಾಗೆಂದು ಹೇಳಿದ್ದರೆ ಹೊರತು. ದಿನಕ್ಕೆ ಮೂರಾದರೆ ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಎರಡಾದರೆ ಬೆಳಿಗ್ಗೆ ಎಂಟು, ರಾತ್ರಿ ಎಂಟು. ಅರ್ಧ ಗಂಟೆ ಆಚೀಚೆಯಾದರೆ ಏನೂ ಆಗದು. ಒಂದು ಹೊತ್ತು ತಪ್ಪಿಹೋದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ತಪ್ಪಿದ್ದಕ್ಕೆ ಪರಿಹಾರವೆಂದು ಎರಡನ್ನು ಒಟ್ಟಿಗೆ ನುಂಗಬಾರದು.

ಯಾವುದರ ಮೇಲೆ ಕೆಲಸ ಮಾಡುತ್ತದೆ

ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾದ ಸುತ್ತ ಒಂದು ಗಟ್ಟಿ ಕೋಶಗೋಡೆಯಿದೆ. ನಮ್ಮ ಜೀವಕೋಶಗಳಿಗೆ ಅದಿಲ್ಲ. ಪೆನ್ಸಿಲಿನ್ ಗುಂಪು ಆ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥವು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ ಅಡ್ಡಗಾಲು ಹಾಕುತ್ತವೆ. ಸಿಪ್ರೊಫ್ಲಾಕ್ಸಸಿನ್ ಅದರ ಡಿಎನ್‌ಎ ಸುರುಳಿಯನ್ನು ಬಿಚ್ಚಿ ಸುತ್ತುವ ಕಿಣ್ವವನ್ನು ತಡೆಯುತ್ತದೆ. ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ಪ್ರೋಟೀನ್ ಯಂತ್ರವೂ ಇಲ್ಲ. ಆದ್ದರಿಂದ ನೆಗಡಿ, ಫ್ಲೂ, ಬಹುಪಾಲು ಗಂಟಲುನೋವು, ಎದೆನೆಗಡಿಯ ಕೆಮ್ಮು ಇವುಗಳಿಗೆ ಈ ಮಾತ್ರೆಯಿಂದ ಗುಣವಿಲ್ಲ, ಅಡ್ಡಪರಿಣಾಮ ಮಾತ್ರ ಉಂಟು. ಕಫ ಹಸಿರಾದ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾದ್ದೇ ಎನ್ನಲಾಗದು. ವೈದ್ಯರು ಆ್ಯಂಟಿಬಯಾಟಿಕ್ ಬರೆಯದೆ ಕಳಿಸಿದರೆ ಅದನ್ನು ಅಸಡ್ಡೆ ಎಂದುಕೊಳ್ಳಬೇಡಿ.

ಹೊಟ್ಟೆಯಲ್ಲಿ ಯಾರ ಜೊತೆ

ನನ್ನ ಅಮ್ಮನಿಗೆ ಒಮ್ಮೆ ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ಬರೆದಿದ್ದರು. ಅವರಿಗೆ ಮೊದಲಿನಿಂದಲೂ ಬೆಳಗಿನ ಹೊತ್ತು ಕ್ಯಾಲ್ಸಿಯಂ ಮಾತ್ರೆ ನುಂಗುವ ರೂಢಿ. ಎರಡನ್ನೂ ಒಂದೇ ಗುಟುಕಿನಲ್ಲಿ ಮುಗಿಸುತ್ತಿದ್ದರು. ಮೂರನೆಯ ದಿನವೂ ಉರಿ ಕಡಿಮೆಯಾಗದೆ ಫೋನ್ ಮಾಡಿದಾಗಲೇ ವೈದ್ಯರು ‘ಬೇರೆ ಏನೇನು ತೆಗೆದುಕೊಳ್ಳುತ್ತೀರಿ’ ಎಂದು ಕೇಳಿದ್ದು. ಆ ಪ್ರಶ್ನೆಯನ್ನು ಮೊದಲ ದಿನವೇ ನಾನು ಕೇಳಬೇಕಿತ್ತು ಎಂಬ ಸಂಕಟ ಇನ್ನೂ ಇದೆ.

ಆಗುವುದು ಇಷ್ಟು. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ, ಅಲ್ಯೂಮಿನಿಯಂ ಇವುಗಳ ಅಯಾನುಗಳು ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಅಣುಗಳನ್ನು ಕರುಳಿನಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಹಾಗೆ ಜೋಡಿಯಾದ ಮೇಲೆ ಅದು ರಕ್ತಕ್ಕೆ ಇಳಿಯದೆ ಮಲದೊಂದಿಗೆ ಹೊರಟುಹೋಗುತ್ತದೆ. ಮಾತ್ರೆ ನುಂಗಿದ್ದು ನಿಜ, ಆದರೆ ಸೋಂಕಿನ ಜಾಗಕ್ಕೆ ತಲುಪಿದ್ದು ಅದರ ಒಂದು ತುಣುಕು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಹೊಟ್ಟೆಯುರಿಗೆ ಕುಡಿಯುವ ಆ್ಯಂಟಾಸಿಡ್, ಬಹುವಿಟಮಿನ್ ಗುಳಿಗೆ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಸಿಪ್ರೊಫ್ಲಾಕ್ಸಸಿನ್ನನ್ನು ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಬರೀ ಹಾಲು, ಮೊಸರಿನ ಜೊತೆಯಲ್ಲೂ ನುಂಗಬಾರದು. ಕೆಲವು ದಿನಗಳ ಮಟ್ಟಿಗೆ ಕ್ಯಾಲ್ಸಿಯಂ, ಕಬ್ಬಿಣ ನಿಲ್ಲಿಸಬಹುದೇ ಎಂದು ವೈದ್ಯರನ್ನೇ ಕೇಳಿದರೆ ಈ ಗಂಟೆಗಳ ಗೋಜಲೇ ತಪ್ಪುತ್ತದೆ.

ಊಟಕ್ಕೆ ಮೊದಲೋ ನಂತರವೋ ಎಂಬ ಪ್ರಶ್ನೆಗೆ ಎಲ್ಲ ಔಷಧಕ್ಕೂ ಹೊಂದುವ ಒಂದೇ ಉತ್ತರವಿಲ್ಲ. ಕ್ಲಾಕ್ಸಸಿಲಿನ್, ಆ್ಯಂಪಿಸಿಲಿನ್‌ಗಳಿಗೆ ಖಾಲಿ ಹೊಟ್ಟೆ ಬೇಕು, ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಅಮಾಕ್ಸಿಸಿಲಿನ್‌ಗೆ ಹೊಟ್ಟೆ ಹೇಗಿದ್ದರೂ ನಡೆಯುತ್ತದೆ. ಅದಕ್ಕೆ ಕ್ಲಾವುಲನೇಟ್ ಸೇರಿದ ಮಾತ್ರೆಯನ್ನು ಊಟದ ಮೊದಲ ತುತ್ತಿನೊಂದಿಗೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು, ಭೇದಿಯಾಗುವುದು ಕಡಿಮೆ. ಸೆಫ್ಯುರಾಕ್ಸಿಮ್ ಮಾತ್ರೆ, ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟಾಯಿನ್ ಇವೆರಡೂ ಊಟದೊಂದಿಗೆ ತೆಗೆದುಕೊಂಡರೆ ರಕ್ತಕ್ಕೆ ಇನ್ನೂ ಚೆನ್ನಾಗಿ ಸೇರುತ್ತವೆ. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮತ್ತು ಮುಗಿದ ಎರಡು ಮೂರು ದಿನಗಳವರೆಗೆ ಮದ್ಯ ಬೇಡ ಎಂಬುದು ಔಷಧದ ಜೊತೆ ಬರುವ ಎಚ್ಚರಿಕೆ, ಪಾಲಿಸಿ.

ಡಾಕ್ಸಿಸೈಕ್ಲಿನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಒಂದೇ ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಒರಗಿದರೆ ಗುಳಿಗೆ ಅನ್ನನಾಳದಲ್ಲೇ ಅಂಟಿಕೊಂಡು ಅಲ್ಲಿ ಹುಣ್ಣು ಮಾಡುತ್ತದೆ. ಎದೆ ಸುಡುವಂತಾಗಿ, ಎಂಜಲು ನುಂಗಲೂ ನೋವಾಗಿ, ಹೃದಯದ ತೊಂದರೆಯೇ ಎಂದು ಜನ ಗಾಬರಿಬೀಳುವುದುಂಟು. ಲೋಟ ತುಂಬ ನೀರು ಕುಡಿದು, ಕನಿಷ್ಠ ಅರ್ಧ ಗಂಟೆ ನೆಟ್ಟಗೆ ಕುಳಿತಿರಿ ಅಥವಾ ಓಡಾಡಿ. ಇದನ್ನು ತೆಗೆದುಕೊಳ್ಳುವ ದಿನಗಳಲ್ಲಿ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಮೈ ಮುಚ್ಚುವ ಬಟ್ಟೆ ಬೇಕು.

ವೈದ್ಯರಿಗೆ ಹೇಳಲೇಬೇಕಾದದ್ದು

ಗರ್ಭಿಣಿಯೇ, ಮಗುವಿಗೆ ಹಾಲೂಡಿಸುತ್ತಿದ್ದೀರಾ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿದೆಯೇ, ಕಳೆದ ಮೂರು ತಿಂಗಳಲ್ಲಿ ಬೇರೆ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ ಎಂಬುದನ್ನೆಲ್ಲ ಕೇಳದಿದ್ದರೂ ಹೇಳಿ. ಮೂತ್ರಪಿಂಡ ಸೋತಿದ್ದರೆ ಆರಂಭದಲ್ಲಿ ಹೇಳಿದ ಇಳಿತ ನಿಧಾನವಾಗಿ, ಔಷಧ ಮೈಯಲ್ಲಿ ಕೂಡುತ್ತಾ ಹೋಗಬಹುದು. ಆಗ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ.

ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನು ಜೊತೆಗೆ ಒಯ್ಯುವುದು ಇನ್ನೂ ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಹಲವು ಆ್ಯಂಟಿಬಯಾಟಿಕ್‌ಗಳಿಂದ ಅದರ ಪ್ರಭಾವ ಹೆಚ್ಚಿ ರಕ್ತಸ್ರಾವದ ಅಪಾಯವಿದೆ, ನಡುವೆ ರಕ್ತ ಪರೀಕ್ಷೆ ಬೇಕಾಗಬಹುದು. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುವವರಿಗೆ ಕ್ಲಾರಿತ್ರೊಮೈಸಿನ್ ಕೊಡುವಂತಿಲ್ಲ, ಸ್ನಾಯುಗಳೇ ಒಡೆದುಹೋಗುವ ತೊಂದರೆ ಬರಬಹುದು. ಸಂಧಿವಾತಕ್ಕೋ ಕೆಲವು ಕ್ಯಾನ್ಸರ್‌ಗೋ ಮೀಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಟ್ರೈಮೆಥೊಪ್ರಿಮ್ ಎಂಬ ಆ್ಯಂಟಿಬಯಾಟಿಕ್ ಇರುವ ಮಾತ್ರೆ ಸಲ್ಲದು. ಎರಡೂ ಸೇರಿದರೆ ಮೂಳೆಮಜ್ಜೆ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಔಷಧದಲ್ಲಿರುವವರಿಗೆ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್‌ಗಳಿಂದ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು. ಗರ್ಭನಿರೋಧಕ ಗುಳಿಗೆಯ ಬಲವನ್ನು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕುಗ್ಗಿಸುತ್ತದೆ. ಸಾಮಾನ್ಯ ಆ್ಯಂಟಿಬಯಾಟಿಕ್‌ಗಳು ಹಾಗೆ ಮಾಡುವುದಿಲ್ಲ, ಆದರೆ ವಾಂತಿ ಭೇದಿಯಾದರೆ ಗುಳಿಗೆ ಮೈಗೆ ಹತ್ತದಿರಬಹುದು.

ಅಲರ್ಜಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ‘ನನಗೆ ಪೆನ್ಸಿಲಿನ್ ಆಗಿಬರುವುದಿಲ್ಲ’ ಎಂದು ಹೇಳುವವರನ್ನು ಸರಿಯಾಗಿ ಪರೀಕ್ಷಿಸಿ ನೋಡಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ನಿಜವಾದ ಅಲರ್ಜಿ ಇರುವುದಿಲ್ಲ. ಚಿಕ್ಕಂದಿನಲ್ಲಿ ಯಾವುದೋ ಜ್ವರದಲ್ಲಿ ಮೈಮೇಲೆ ಎದ್ದ ಕೆಂಪು ದದ್ದು ಆ ವೈರಸ್ಸಿನದೇ ಇರಬಹುದು. ಎಪ್‌ಸ್ಟೀನ್–ಬಾರ್ ವೈರಸ್ಸಿನಿಂದ ಬರುವ ಗ್ರಂಥಿಜ್ವರದಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದೇಳುವುದು ತೀರ ಸಾಮಾನ್ಯ, ಅದು ಜೀವನಪೂರ್ತಿ ಉಳಿಯುವ ಅಲರ್ಜಿಯಲ್ಲ. ಬರೀ ವಾಕರಿಕೆ, ಭೇದಿಯೂ ಅಲರ್ಜಿಯಲ್ಲ. ನಿಜವಾದ ಅಲರ್ಜಿ ಇದ್ದವರಲ್ಲೂ ಎಷ್ಟೋ ಮಂದಿಗೆ ವರ್ಷಗಳು ಕಳೆದಂತೆ ಅದು ಮಾಸಿಹೋಗುತ್ತದೆ. ಇದು ಯಾಕೆ ಮುಖ್ಯವೆಂದರೆ, ಆ ಹಣೆಪಟ್ಟಿ ಒಮ್ಮೆ ಅಂಟಿದರೆ ಸರಳವಾದ, ಕೆಲವೇ ಬಗೆಯ ಬ್ಯಾಕ್ಟೀರಿಯಾಗಳಿಗೆ ಗುರಿಯಿಡುವ ಔಷಧಗಳನ್ನೆಲ್ಲ ಬದಿಗಿಟ್ಟು, ಹೆಚ್ಚು ಅಡ್ಡಪರಿಣಾಮದ ಔಷಧಗಳಿಗೆ ವೈದ್ಯರು ಕೈಹಾಕಬೇಕಾಗುತ್ತದೆ. ಹಾಗೆಂದು ಮನೆಯಲ್ಲಿ ಒಂದು ಮಾತ್ರೆ ನುಂಗಿ ಪರೀಕ್ಷಿಸಿ ನೋಡುವುದು ಪ್ರಾಣಕ್ಕೇ ಕುತ್ತು. ಅಂದು ಏನಾಯಿತು, ಔಷಧ ನುಂಗಿದ ಎಷ್ಟು ಹೊತ್ತಿಗೆ ಆಯಿತು, ಆಸ್ಪತ್ರೆಗೆ ಹೋಗಬೇಕಾಯಿತೇ ಎಂಬ ವಿವರವನ್ನು ವೈದ್ಯರಿಗೆ ಹೇಳಿ. ಅಲರ್ಜಿ ಹೌದೋ ಅಲ್ಲವೋ ಎಂದು ನಿರ್ಧರಿಸಲು ಅವರಿಗೆ ದಾರಿಗಳಿವೆ.

ಸಹಿಸಬಹುದಾದದ್ದು, ಸಹಿಸಬಾರದ್ದು

ನುಂಗಿದ ನಿಮಿಷಗಳಲ್ಲಿ ಅಥವಾ ಒಂದೆರಡು ಗಂಟೆಯಲ್ಲಿ ಪಿತ್ತಗಂಧೆಯಂತೆ ಮೈಯೆಲ್ಲ ದಡಿಕೆಯೇಳುವುದು, ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವಂತಾಗುವುದು. ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಆಂಬ್ಯುಲೆನ್ಸ್ ಕರೆಸಿ. ಮನೆಯಲ್ಲಿರುವ ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತ ಕೂರಬಾರದು. ದಿನಗಳ ನಂತರ ಜ್ವರದೊಂದಿಗೆ ಚರ್ಮದಲ್ಲಿ ಗುಳ್ಳೆಯೆದ್ದು ಸುಲಿಯತೊಡಗಿದರೆ, ಬಾಯಿ, ಕಣ್ಣು ಹುಣ್ಣಾದರೆ ಅದೂ ಅಷ್ಟೇ ತುರ್ತು.

ಸಿಪ್ರೊಫ್ಲಾಕ್ಸಸಿನ್ ಮತ್ತು ಅದರ ಬಳಗದ್ದು ಬೇರೆಯೇ ಒಂದು ಎಚ್ಚರಿಕೆ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಉರಿಯೂತವಾಗಿ ಹರಿದುಹೋಗಬಹುದು. 60 ದಾಟಿದವರಲ್ಲಿ, ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇದಕ್ಕೆ ಕಪ್ಪು ಚೌಕಟ್ಟಿನ, ಅಂದರೆ ತನ್ನ ಅತ್ಯಂತ ಕಟುವಾದ, ಎಚ್ಚರಿಕೆ ಹಾಕಿಸಿತು. ಹಿಮ್ಮಡಿ ಹಿಡಿದುಕೊಂಡರೆ, ಕೈಕಾಲು ಜುಮುಗುಟ್ಟಿದರೆ ಮಾತ್ರೆ ನಿಲ್ಲಿಸಿ, ಅಂದೇ ವೈದ್ಯರಿಗೆ ತಿಳಿಸಿ.

ತೆಳು ಮಲ, ಲಘು ವಾಕರಿಕೆ, ಮೆಟ್ರೊನಿಡಜೋಲ್‌ನಿಂದ ಬಾಯಲ್ಲಿ ಲೋಹದ ರುಚಿ, ನೈಟ್ರೊಫ್ಯುರಾಂಟಾಯಿನ್‌ನಿಂದ ಕಂದಾದ ಮೂತ್ರ ಇವೆಲ್ಲ ಮಾತ್ರೆ ಮುಗಿದ ಮೇಲೆ ತಾವಾಗಿಯೇ ಹೋಗುತ್ತವೆ.

ಎಷ್ಟು ದಿನ?

‘ಗುಣವಾಯಿತೆಂದು ನಿಲ್ಲಿಸಬೇಡಿ, ಕೋರ್ಸ್ ಮುಗಿಸಿ’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಅದರ ಬೇರು ಹಳೆಯದು. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣ ಮಾಡುತ್ತ, ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಕಲ್ಪಿತ ಕಥೆ ಹೇಳಿದರು. ಒಬ್ಬಾತನಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲುನೋವು. ತಾನೇ ಪೆನ್ಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದು ಔಷಧವನ್ನು ತಡೆದುಕೊಳ್ಳಲು ಕಲಿತ ಆ ಬ್ಯಾಕ್ಟೀರಿಯಾ ಹೆಂಡತಿಗೆ ಅಂಟುತ್ತದೆ. ಪೆನ್ಸಿಲಿನ್ ಕೆಲಸ ಮಾಡದೆ ಆಕೆ ಸಾಯುತ್ತಾಳೆ.

ಕಥೆಯ ಎಚ್ಚರಿಕೆ ಸರಿಯಾದದ್ದೇ. ಆದರೆ ಗಂಟಲುನೋವು ತರುವ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನ್ಸಿಲಿನ್‌ಗೆ ಮಣಿಯುತ್ತದೆ! ಹಾಗಾದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟಿದ್ದೆಲ್ಲಿ? ಬಹುಮಟ್ಟಿಗೆ ನಮ್ಮದೇ ಕರುಳಿನಲ್ಲಿ, ಚರ್ಮದ ಮೇಲೆ. ಗಂಟಲಿಗೆಂದು ನುಂಗಿದ ಮಾತ್ರೆ ಗಂಟಲಿಗೆ ಮಾತ್ರ ಹೋಗುವುದಿಲ್ಲ. ಕರುಳಿನಲ್ಲಿ ಯಾವ ತಂಟೆಗೂ ಹೋಗದೆ ಬಾಳುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮೇಲೂ ಅದು ಎರಗುತ್ತದೆ. ದುರ್ಬಲವಾದವು ಸಾಯುತ್ತವೆ, ತಡೆದುಕೊಳ್ಳುವ ಜೀನ್ ಉಳ್ಳವು ಉಳಿದು ಹಬ್ಬುತ್ತವೆ. ಆ ಜೀನ್‌ಗಳನ್ನು ಅವು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಬಳೆಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಇದೇ ಕರುಳಿನ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮುಂದೊಂದು ದಿನ ಮೂತ್ರಕೋಶಕ್ಕೋ ರಕ್ತಕ್ಕೋ ನುಗ್ಗಿದಾಗ ಔಷಧ ಸೋಲುತ್ತದೆ. ಅಂದರೆ ಮಾತ್ರೆಯ ದಿನಗಳು ಹೆಚ್ಚಿದಷ್ಟೂ ಈ ಆಯ್ಕೆಯ ಒತ್ತಡ ಹೆಚ್ಚುತ್ತದೆ. 2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಸೋಂಕುಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಈ ಕಾರಣಕ್ಕೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2017ರಲ್ಲಿ ಕೆಲವು ತಜ್ಞರು ‘ಕೋರ್ಸ್ ಮುಗಿಸಿ’ ಎಂಬ ಘೋಷಣೆಯನ್ನೇ ಪ್ರಶ್ನಿಸಿದರು. ಹಲವು ಸೋಂಕುಗಳಲ್ಲಿ ಕಡಿಮೆ ದಿನಗಳ ಚಿಕಿತ್ಸೆ ಹೆಚ್ಚು ದಿನಗಳದ್ದಕ್ಕೆ ಸಮನಾಗಿ ಕೆಲಸ ಮಾಡುತ್ತದೆಂದು ಪರೀಕ್ಷೆಗಳು ತೋರಿಸಿವೆ. ಬೇಗ ಚೇತರಿಸಿಕೊಳ್ಳುವ ನ್ಯುಮೋನಿಯಾ ರೋಗಿಗಳಿಗೆ ಈಗ ಐದು ದಿನ ಸಾಕಾಗುವುದುಂಟು. ಮಹಿಳೆಯರ ಸರಳ ಮೂತ್ರಕೋಶದ ಸೋಂಕಿಗೆ ನೈಟ್ರೊಫ್ಯುರಾಂಟಾಯಿನ್ ಐದು ದಿನ. ಆದರೆ ಸ್ಟ್ರೆಪ್ಟೊಕಾಕಸ್ ಗಂಟಲುನೋವಿಗೆ ಪೆನ್ಸಿಲಿನ್ ಬಳಸಿದಾಗ ಹತ್ತು ದಿನದ ರೂಢಿಯ ಹಿಂದೆ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರವನ್ನು ತಡೆಯುವ ಉದ್ದೇಶವಿದೆ. ಗಂಟಲು ಮೂರನೆಯ ದಿನಕ್ಕೇ ಹಗುರಾದರೂ ಆ ಉದ್ದೇಶ ಮುಗಿದಿರುವುದಿಲ್ಲ. ಕ್ಷಯಕ್ಕೆ ತಿಂಗಳುಗಟ್ಟಲೆ ಬೇಕು, ಅಲ್ಲಿ ನಡುವೆ ನಿಲ್ಲಿಸಿದರೆ ಕ್ಷಯದ ಬ್ಯಾಕ್ಟೀರಿಯಾವೇ ಔಷಧಕ್ಕೆ ಬಗ್ಗದಂತಾಗುತ್ತದೆ.

ಎಲ್ಲ ಸೋಂಕಿಗೂ ಒಂದೇ ಅಳತೆಯಿಲ್ಲ ಎಂದಮೇಲೆ ದಿನಗಳನ್ನು ಕಡಿಮೆ ಮಾಡುವ ತೀರ್ಮಾನ ರೋಗಿ ಒಬ್ಬರೇ ಮಾಡುವಂಥದ್ದಲ್ಲ. ಚೀಟಿ ಕೈಗೆ ಬಂದಾಗಲೇ ‘ಎಷ್ಟು ದಿನ, ಯಾಕಷ್ಟು ದಿನ’ ಎಂದು ಕೇಳಿ. ಪೂರ್ತಿ ಗುಣವಾದಂತೆ ಅನ್ನಿಸಿದರೆ ಫೋನ್ ಮಾಡಿ ಕೇಳಿ, ಉತ್ತರ ಸಿಗುವವರೆಗೆ ಬರೆದುಕೊಟ್ಟಂತೆ ಮುಂದುವರಿಸಿ. ಎರಡು ಮೂರು ದಿನವಾದರೂ ಜ್ವರ, ನೋವು ಇಳಿಯದಿದ್ದರೆ ಕೋರ್ಸ್ ಮುಗಿಯಲೆಂದು ಕಾಯಬೇಡಿ. ರೋಗನಿರ್ಣಯ ಬೇರೆಯಿರಬಹುದು, ಕೀವು ಒಳಗೆ ಕಟ್ಟಿಕೊಂಡಿರಬಹುದು, ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದ್ದಿರಬಹುದು. ಅದಕ್ಕೂ ಮೊದಲೇ ಪರಿಸ್ಥಿತಿ ಹದಗೆಟ್ಟರೆ, ಮಂಕು ಕವಿದರೆ, ಉಸಿರಾಟ ಜೋರಾದರೆ ತಕ್ಷಣ ಆಸ್ಪತ್ರೆ.

ಮಕ್ಕಳ ಬಾಟಲಿ

ಒಣಪುಡಿಯ ಬಾಟಲಿಯನ್ನು ಮೊದಲು ತಟ್ಟಿ ಪುಡಿ ಬಿಡಿಬಿಡಿಯಾಗಿಸಿ, ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿನವರೆಗೆ ಎರಡು ಸಲವಾಗಿ ಹಾಕಿ ಕುಲುಕಬೇಕು. ಪ್ರತಿ ಸಲ ಕೊಡುವ ಮುನ್ನ ಮತ್ತೆ ಕುಲುಕದಿದ್ದರೆ ಮೊದಲ ದಿನ ಬರೀ ನೀರು, ಕೊನೆಯ ದಿನ ಗಟ್ಟಿ ಔಷಧ ಮಗುವಿನ ಹೊಟ್ಟೆಗೆ ಹೋಗುತ್ತದೆ. ಅಡುಗೆಮನೆಯ ಚಮಚಗಳ ಅಳತೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಿಲಿಲೀಟರ್ ಗೆರೆಯಿರುವ ಸೂಜಿಯಿಲ್ಲದ ಸಿರಿಂಜನ್ನೇ ಬಳಸಿ, ಕೆನ್ನೆಯ ಒಳಬದಿಗೆ ನಿಧಾನವಾಗಿ ಹನಿಸಿ. ಕಲಸಿದ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಫ್ರಿಜ್‌ನಲ್ಲಿದ್ದರೂ ಏಳೇ ದಿನ ಬಾಳುತ್ತದೆ. ಕ್ಲಾರಿತ್ರೊಮೈಸಿನ್ ದ್ರವವನ್ನು ಫ್ರಿಜ್‌ನಲ್ಲಿ ಇಡಲೇಬಾರದು. ಆದ್ದರಿಂದ ಬಾಟಲಿಯ ಮೇಲಿನ ಸೂಚನೆ ಓದಿ, ಕಲಸಿದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಮಗು ಕುಡಿದ ಕೂಡಲೇ ಕಕ್ಕಿಬಿಟ್ಟರೆ ಮತ್ತೆ ಕೊಡಬೇಕೇ ಎಂದು ಔಷಧ ಕೊಟ್ಟವರನ್ನು ಕೇಳಿ.

ಮುಗಿದ ಮೇಲೆ

ಉಳಿದ ಮಾತ್ರೆಗಳನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ, ಮನೆಯ ಇನ್ನೊಬ್ಬರಿಗೆ ಕೊಡಬೇಡಿ. ಉಳಿಕೆಯಲ್ಲಿ ಯಾವ ಸೋಂಕಿಗೂ ಸಾಲುವಷ್ಟು ದಿನಗಳಿರುವುದಿಲ್ಲ, ಮೇಲಾಗಿ ಎರಡು ಮಾತ್ರೆ ನುಂಗಿ ಹೋದರೆ ವೈದ್ಯರು ಮಾಡಿಸುವ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ರೋಗನಿರ್ಣಯ ದಾರಿ ತಪ್ಪಬಹುದು. ಉಳಿದದ್ದನ್ನು ವಾಪಸು ಪಡೆಯುವ ಔಷಧಾಲಯವಿದ್ದರೆ ಅಲ್ಲಿಗೆ ಕೊಡಿ.

ಕೊನೆಯ ಮಾತ್ರೆ ನುಂಗಿದ ಮೇಲೂ ಕರುಳಿನಲ್ಲಿ ಆದ ಏರುಪೇರು ಸರಿಹೋಗಲು ವಾರಗಳು ಬೇಕು. ಆ ಖಾಲಿ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರಿದರೆ ದೊಡ್ಡ ಕರುಳು ಉರಿಯೂತವಾಗುತ್ತದೆ. ಮಾತ್ರೆ ತೆಗೆದುಕೊಳ್ಳುವಾಗ ಮಾತ್ರವಲ್ಲ, ಮುಗಿದ ಒಂದೆರಡು ತಿಂಗಳ ನಂತರವೂ ಇದು ಬರಬಹುದು. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರುಭೇದಿ, ಹೊಟ್ಟೆ ಹಿಂಡುವ ನೋವು, ಜ್ವರ ಅಥವಾ ಮಲದಲ್ಲಿ ರಕ್ತ ಕಂಡರೆ ಭೇದಿ ಕಟ್ಟುವ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ವಿಷ ಒಳಗೇ ಉಳಿದು ಕರುಳು ಇನ್ನಷ್ಟು ಕೆಡಬಹುದು. ವೈದ್ಯರ ಬಳಿ ಹೋದಾಗ ಭೇದಿಯ ಬಗ್ಗೆ ಹೇಳುವುದರ ಜೊತೆಗೆ, ಎರಡು ತಿಂಗಳ ಹಿಂದೆ ಯಾವ ಆ್ಯಂಟಿಬಯಾಟಿಕ್ ಎಷ್ಟು ದಿನ ತೆಗೆದುಕೊಂಡಿರಿ ಎಂದೂ ಹೇಳಿ. ಚೀಟಿಯ ಒಂದು ಫೋಟೊ ಫೋನಿನಲ್ಲಿದ್ದರೆ ಅದನ್ನೇ ತೋರಿಸಬಹುದು.